ಕೋಳಿಗೆ ಹೇನು, ನುಸಿ ಆದ್ರೆ ಯಾವ ಪುಡಿ, ಎಲ್ಲಿಗೆ, ಎಷ್ಟು ಸಲ

ಕಾವಿಗೆ ಕೂತಿದ್ದ ನನ್ನ ಹೇಂಟೆಯೊಂದು ಹನ್ನೆರಡನೇ ದಿನ ರಾತ್ರಿ ಮೊಟ್ಟೆ ಬಿಟ್ಟು ಎದ್ದು ಬಂದು ಗೂಡಿನ ಬಾಗಿಲ ಹತ್ರ ನಿಂತುಬಿಟ್ಟಿತ್ತು. ಹಗಲೆಲ್ಲ ಸರಿಯಾಗೇ ಕೂತಿರ್ತಿತ್ತು, ಕತ್ತಲಾದ್ರೆ ಸಾಕು ಚಡಪಡಿಕೆ ಶುರು. ಹೇನಾಗಿರ್ಬೇಕು ಅಂತ ಅದು ಕಾವಿಗೆ ಕೂರೋ ಮೊದಲಿಂದ್ಲೂ ನಾನು ಮೈಗೆ ಬೂದಿ ಹಾಕ್ತಾನೇ ಇದ್ದೆ, ಹಾಕಿ ಹಾಕಿ ಕೋಳಿ ಬೂದಿಬಣ್ಣಕ್ಕೆ ತಿರುಗಿತ್ತೇ ಹೊರತು ತೊಂದರೆ ಒಂಚೂರೂ ಕಮ್ಮಿ ಆಗಿರ್ಲಿಲ್ಲ. ಆ ರಾತ್ರಿ ಟಾರ್ಚ್ ಹಿಡ್ಕೊಂಡು ಹೋಗಿ, ಕೋಳಿ ಕೂರೋ ಕೋಲಿನ ಅಡಿಗೆ ಬೆಳಕು ಬಿಟ್ಟು ನೋಡಿದೆ. ಕೋಲು ಗೋಡೆಗೆ ಸೇರೋ ಜಾಗದಲ್ಲಿ ಮರಳಿನ ಕಣದಷ್ಟು ಸಣ್ಣ ಸಣ್ಣ ಜೀವಗಳು, ಕೆಲವು ಬೂದುಬಣ್ಣ, ಕೆಲವು ರಕ್ತ ಕುಡಿದು ಕೆಂಪಗೆ ಉಬ್ಬಿದ್ದು, ಗುಂಪುಗುಂಪಾಗಿ ಸಂದಿಯಿಂದ ಹೊರಗೆ ಹರೀತಿದ್ವು. ಬೆರಳಲ್ಲಿ ಉಜ್ಜಿದ್ರೆ ಮರದ ಮೇಲೆ ರಕ್ತದ ಗೆರೆ ಬಿತ್ತು.

ಅಂದ್ರೆ ಅಷ್ಟು ದಿನ ನಾನು ಪುಡಿ ಹಾಕಿದ್ದು ಹುಳ ಇಲ್ಲದ ಕಡೆಗೆ. ಆ ಹುಳ, ಅಂದ್ರೆ ಕೆಂಪು ನುಸಿ, ವಾಸ ಮಾಡೋದು ಮರದ ಸಂದಿಯಲ್ಲಿ, ಕೋಳಿ ಹತ್ರ ಬರೋದು ರಾತ್ರಿ ಊಟಕ್ಕೆ ಮಾತ್ರ. ಪುಡಿ ವಿಷಯದಲ್ಲಿ ಎಲ್ಲರಿಗೂ ನಾನು ಮೊದಲು ಹೇಳೋದು ಇದನ್ನೇ, ಯಾವ ಪುಡಿ ಒಳ್ಳೇದು ಅಂತ ಕೇಳೋಕೆ ಮುಂಚೆ ಯಾವ ಹುಳ, ಅದು ಎಲ್ಲಿರತ್ತೆ ಅಂತ ನೋಡ್ಕೊಳಿ. ಪುಡಿ ಹುಳದ ಮೈಗೆ ತಾಗ್ಬೇಕು, ಒಣಗಿರ್ಬೇಕು, ಮೊಟ್ಟೆ ಒಡೆದು ಹೊಸ ಹುಳ ಬರೋ ಹೊತ್ತಿಗೆ ಮತ್ತೆ ಹಾಕ್ಬೇಕು. ಈ ಮೂರರಲ್ಲಿ ಒಂದು ತಪ್ಪಿದ್ರೂ ಎಷ್ಟೇ ಒಳ್ಳೆ ಪುಡಿ ಆದ್ರೂ ದಂಡ.

ಮೊದಲು ಹುಳ ಯಾವುದು ಅಂತ ನೋಡಿ

ಹಗಲು ಹೊತ್ತಲ್ಲಿ ಒಂದು ಕೋಳಿ ಹಿಡೀರಿ, ತೊಡೆ ಮೇಲೆ ಬೆನ್ನಡಿ ಮಾಡಿ ಮಲಗಿಸಿ, ಹಿಂಭಾಗದ ದ್ವಾರದ ಸುತ್ತ ಇರೋ ಪುಕ್ಕಗಳನ್ನ ಬೆರಳಲ್ಲಿ ಬಿಡಿಸಿ ನೋಡಿ. ಬೆನ್ನಡಿ ಮಾಡಿ ತುಂಬ ಹೊತ್ತು ಹಿಡೀಬೇಡಿ, ಕೋಳಿಗೆ ಉಸಿರಾಡೋಕೆ ಕಷ್ಟ ಆಗತ್ತೆ, ಒಂದೆರಡು ನಿಮಿಷ ಸಾಕು. ಅಲ್ಲಿ ಹುಲ್ಲಿನ ಬಣ್ಣದ, ಚಪ್ಪಟೆ, ಎರಡು ಮೂರು ಮಿಲಿಮೀಟರ್ ಉದ್ದದ ಹುಳ ಬೆಳಕು ಬಿದ್ದ ತಕ್ಷಣ ಚರ್ಮದ ಮೇಲೆ ಓಡಿದ್ರೆ ಅದು ಹೇನು. ಪುಕ್ಕದ ಬುಡದಲ್ಲಿ ಬಿಳಿ ಗಂಟು ಕಟ್ಟಿಕೊಂಡಿರೋದು ಅದರ ಸೀರು. ಕೋಳಿ ಹೇನು ರಕ್ತಕ್ಕಿಂತ ಜಾಸ್ತಿ ಚರ್ಮದ ಹೊಟ್ಟು, ಪುಕ್ಕ ತಿಂದು ಬದುಕತ್ತೆ, ಹುಟ್ಟಿಂದ ಸಾವಿನ ತನಕ ಕೋಳಿ ಮೈಮೇಲೇ ಇರತ್ತೆ, ಕೆಳಗೆ ಬಿದ್ರೆ ಒಂದು ವಾರದೊಳಗೆ ಸಾಯತ್ತೆ. ಹಾಗಾಗಿ ಇದಕ್ಕೆ ಪುಡಿ ಕೋಳಿ ಮೈಗೆ ಹಾಕ್ಬೇಕು. ಮನುಷ್ಯರ ತಲೇಲಿ ಇದು ಮನೆ ಮಾಡಲ್ಲ, ಅದಕ್ಕೆ ಹೆದರೋದು ಬೇಡ.

ಅದೇ ಜಾಗದಲ್ಲಿ ಪುಕ್ಕ ಕಪ್ಪಗೆ, ಎಣ್ಣೆ ಮೆತ್ತಿದ ಹಾಗೆ ಕೊಳಕಾಗಿ, ಕಣ್ಣಿಗೆ ಕಂಡೂ ಕಾಣದಂಥ ಚುಕ್ಕಿಗಳು ಹರೀತಿದ್ರೆ ಅದು ಮೈಮೇಲೇ ಇರೋ ಜಾತಿ ನುಸಿ. ಇದು ರಕ್ತ ಕುಡಿಯತ್ತೆ, ಒಂದು ವಾರದೊಳಗೆ ಮೊಟ್ಟೆಯಿಂದ ದೊಡ್ಡದಾಗಿ ಮತ್ತೆ ಮೊಟ್ಟೆ ಇಡತ್ತೆ, ಅದಕ್ಕೇ ಕಣ್ಮುಚ್ಚಿ ಬಿಡೋದರಲ್ಲಿ ಸಾವಿರಗಟ್ಟಲೆ ಆಗಿಬಿಡತ್ತೆ. ಇದಕ್ಕೂ ಪುಡಿ ಮೈಗೇ.

ಹಗಲು ಮೈಮೇಲೆ ಏನೂ ಸಿಗಲಿಲ್ಲ, ಆದ್ರೆ ಜುಟ್ಟು ಬಿಳಿಚಿಕೊಂಡಿದೆ, ಮೊಟ್ಟೆ ಕಮ್ಮಿ ಆಗಿದೆ, ಸಂಜೆ ಗೂಡಿಗೆ ಹೋಗೋಕೆ ಕೋಳಿಗಳು ಹಿಂದೇಟು ಹಾಕ್ತಿವೆ ಅಂದ್ರೆ ನಾನು ಮೇಲೆ ಹೇಳಿದ ಕೆಂಪು ನುಸಿ ಅಂತ ಅನುಮಾನ ಪಡಿ. ಕತ್ತಲಾಗಿ ಎರಡು ಗಂಟೆ ಬಿಟ್ಟು ಒಂದು ಬಿಳಿ ಬಟ್ಟೆ ತಗೊಂಡು ಕೋಲಿನ ಅಡಿಭಾಗ ಒರೆಸಿ, ಬಟ್ಟೆ ಮೇಲೆ ಕೆಂಪು ಕಲೆ ಬಿದ್ರೆ ಅದೇ. ಹಗಲಲ್ಲೂ ಗುರುತು ಸಿಗತ್ತೆ, ಮರದ ಬಿರುಕಿನ ಪಕ್ಕ ಉಪ್ಪು, ಕಾಳುಮೆಣಸಿನ ಪುಡಿ ಬೆರೆಸಿ ಉದುರಿಸಿದ ಹಾಗೆ ಬೂದು ಧೂಳು ಇರತ್ತೆ. ಇದು ತಿನ್ನೋಕೆ ಸಿಗದೇ ಇದ್ರೂ ತಿಂಗಳುಗಟ್ಟಲೆ, ತಂಪು ಜಾಗದಲ್ಲಿ ಎಂಟು ತಿಂಗಳ ತನಕ ಬದುಕಿರೋ ಜೀವ, ಹಾಗಾಗಿ ಗೂಡು ಸ್ವಲ್ಪ ದಿನ ಖಾಲಿ ಬಿಟ್ರೆ ಹೋಗತ್ತೆ ಅಂದ್ಕೋಬೇಡಿ. ಇದಕ್ಕೆ ಪುಡಿ ಗೂಡಿಗೆ, ಸಂದಿಗೆ.

ಇನ್ನು ಕಾಲಿನ ಹುರುಪೆ ಎದ್ದು, ದಪ್ಪಗೆ ಸುಣ್ಣ ಮೆತ್ತಿದ ಹಾಗೆ ಕಂಡ್ರೆ ಅದು ಹುರುಪೆ ಒಳಗೆ ಕೊರೆದು ಕೂತ ಬೇರೆ ನುಸಿ. ಅದಕ್ಕೆ ಯಾವ ಪುಡಿನೂ ಮುಟ್ಟಲ್ಲ, ಯಾಕಂದ್ರೆ ಹುಳ ಹುರುಪೆ ಅಡಿಯಲ್ಲಿದೆ. ಅದರ ಮಾತು ಆಮೇಲೆ ಹೇಳ್ತೀನಿ.

ಡಯಾಟಮೇಶಿಯಸ್ ಅರ್ತ್

ಎಲ್ಲರೂ ಡಿಇ ಅಂತ ಕರೆಯೋದು ಇದನ್ನೇ. ಡಯಾಟಮ್ ಅನ್ನೋ ಒಂದೇ ಕೋಶದ ಪಾಚಿಗಳು ನೀರಲ್ಲಿ ಸತ್ತು, ಅವುಗಳ ಸಿಲಿಕಾ ಚಿಪ್ಪು ತಳದಲ್ಲಿ ಶೇಖರ ಆಗಿ ಲಕ್ಷಾಂತರ ವರ್ಷದಲ್ಲಿ ಗಟ್ಟಿಯಾದ ಮಣ್ಣು. ಪುಡಿ ಮಾಡಿದ್ರೆ ಹಿಟ್ಟಿನ ಹಾಗೆ ನುಣ್ಣಗಿರತ್ತೆ. ಇದು ವಿಷ ಅಲ್ಲ. ಹುಳದ ಮೈಮೇಲೆ ಒಳಗಿನ ನೀರು ಆರಿಹೋಗದ ಹಾಗೆ ಒಂದು ತೆಳು ಮೇಣದ ಪದರ ಇರತ್ತೆ, ಈ ಪುಡಿ ಆ ಮೇಣ ಹೀರ್ಕೊಂಡು ಅಲ್ಲಲ್ಲಿ ಉಜ್ಜಿ ಕಿತ್ತುಬಿಡತ್ತೆ, ಆಮೇಲೆ ಹುಳ ತಾನಾಗೇ ಒಣಗಿ ಸಾಯತ್ತೆ. ಹಾಗಾಗಿ ಹಾಕಿದ ತಕ್ಷಣ ಹುಳ ಸಾಯೋದನ್ನ ನಿರೀಕ್ಷೆ ಮಾಡ್ಬೇಡಿ, ಗಂಟೆಗಳಿಂದ ಹಿಡಿದು ಒಂದೆರಡು ದಿನ ಬೇಕು. ಮೊಟ್ಟೆಗೆ, ಸೀರಿಗೆ ಇದು ಏನೂ ಮಾಡಲ್ಲ. ಒದ್ದೆ ಆದ್ರೆ ಸುಮ್ನೆ ಮಣ್ಣು, ಕೆಲಸ ಮಾಡಲ್ಲ. ಗಾಳಿಯಲ್ಲಿ ತೇವ ಜಾಸ್ತಿ ಇದ್ರೂ ಶಕ್ತಿ ಕಮ್ಮಿ ಆಗತ್ತೆ, ಮಳೆ ಹಿಡ್ಕೊಂಡಿರೋ ದಿನಗಳಲ್ಲಿ ಡಿಇ ನಂಬಿ ಕೂರಬಾರದು ಅನ್ನೋದು ಇದಕ್ಕೇ.

ತಗೊಳೋವಾಗ ಚೀಲದ ಮೇಲೆ ಫುಡ್ ಗ್ರೇಡ್ ಅಂತ ಇದ್ಯಾ ನೋಡಿ. ಈಜುಕೊಳದ ಫಿಲ್ಟರಿಗೆ ಅಂತ ಮಾರೋ ಡಿಇ ಬೇರೆ, ಅದನ್ನ ತುಂಬಾ ಬಿಸಿ ಮಾಡಿ ತಯಾರಿಸಿರ್ತಾರೆ, ಅದರಲ್ಲಿ ಹರಳು ಸಿಲಿಕಾ ಜಾಸ್ತಿ. ಅದರ ಧೂಳು ಶ್ವಾಸಕೋಶಕ್ಕೆ ಹೋದ್ರೆ ಶಾಶ್ವತ ಹಾನಿ, ಕೋಳಿಗೂ ನಮಗೂ. ಎರಡೂ ನೋಡೋಕೆ ಒಂದೇ ಥರ ಬಿಳಿ ಪುಡಿ, ಕಮ್ಮಿಗೆ ಸಿಗತ್ತೆ ಅಂತ ಯಾರಾದ್ರೂ ಲೇಬಲ್ ಇಲ್ಲದ ಚೀಲ ಕೊಟ್ರೆ ದಯವಿಟ್ಟು ಬೇಡ ಅನ್ನಿ.

ಫುಡ್ ಗ್ರೇಡ್ ಅಂದ ಮಾತ್ರಕ್ಕೆ ಉಸಿರಲ್ಲಿ ಹೋದ್ರೂ ಪರವಾಗಿಲ್ಲ ಅಂತ ಅರ್ಥ ಅಲ್ಲ. ಕೋಳಿಗೆ ಶ್ವಾಸಕೋಶದ ಜೊತೆಗೆ ಹೊಟ್ಟೆ ತನಕ ಹರಡಿದ ಗಾಳಿಚೀಲಗಳಿವೆ, ಧೂಳು ಅಲ್ಲಿ ಇಳಿದ್ರೆ ಕೆಮ್ಮಿ ಹೊರಗೆ ಹಾಕೋ ಶಕ್ತಿ ಅದಕ್ಕೆ ನಮ್ಮಷ್ಟಿಲ್ಲ. ಮುಚ್ಚಿದ ಗೂಡಿನಲ್ಲಿ ಹೊಗೆ ಎದ್ದ ಹಾಗೆ ಪುಡಿ ಎರಚೋದು, ಗೂಡಿನ ಹಾಸಿಗೆಗೆಲ್ಲ ದಿನಾ ಸುರಿಯೋದು, ಮರಿಗಳಿರೋ ಕಡೆ ಹಾಕೋದು, ಇವು ಮೂರೂ ನಾನು ಯಾರಿಗೂ ಹೇಳಲ್ಲ.

ಬೂದಿ

ಬೂದಿ ಎಲ್ಲಕ್ಕಿಂತ ಹಳೇ ಔಷಧ, ನನಗೆ ಈಗ್ಲೂ ಬೂದಿ ಮೇಲೆ ಪ್ರೀತಿ ಜಾಸ್ತಿ. ಹುಳದ ಮೈ ಒಣಗಿಸೋದು, ಉಸಿರಾಡೋ ರಂಧ್ರ ಮುಚ್ಚೋದು ಇದರ ಕೆಲಸ. ಡಿಇ ಅಷ್ಟು ಚುರುಕಿಲ್ಲ, ಆದ್ರೆ ಕೋಳಿಗಳು ತಾವಾಗೇ ಇಷ್ಟಪಟ್ಟು ಬಂದು ಹೊರಳಾಡ್ತವೆ, ಅದೇ ದೊಡ್ಡ ಲಾಭ.

ಆದ್ರೆ ಎಲ್ಲ ಬೂದಿನೂ ಬೂದಿ ಅಲ್ಲ. ಬರೀ ಸೌದೆ ಸುಟ್ಟ ಬೂದಿ ಬೇಕು. ಬಣ್ಣ ಬಳಿದ ಹಲಗೆ, ಪ್ಲೈವುಡ್, ಗೆದ್ದಲು ಔಷಧ ಹಾಕಿದ ಮರ, ಪ್ಲಾಸ್ಟಿಕ್ ಸೇರಿದ ಕಸ, ಕಲ್ಲಿದ್ದಲು, ಇವುಗಳ ಬೂದಿಯಲ್ಲಿ ಸೀಸ, ಆರ್ಸೆನಿಕ್ ಥರದ ಲೋಹಗಳು ಉಳಿದಿರಬಹುದು, ಕೋಳಿ ಹೊರಳಾಡೋವಾಗ ಕೊಕ್ಕಲ್ಲಿ ಕುಟುಕಿ ತಿನ್ನತ್ತೆ, ಅಲ್ಲಿಂದ ಮೊಟ್ಟೆಗೂ ಬರತ್ತೆ. ಹಾಗೇ ಬೂದಿ ಪೂರ್ತಿ ಆರಿರ್ಬೇಕು, ಮೇಲೆ ತಣ್ಣಗಿದ್ದು ಒಳಗೆ ಕೆಂಡ ಇರೋದು ಮಾಮೂಲು, ಎರಡು ಮೂರು ದಿನ ಕಬ್ಬಿಣದ ಡಬ್ಬದಲ್ಲಿ ಮುಚ್ಚಿಟ್ಟು ಆಮೇಲೆ ಜರಡಿ ಹಿಡೀರಿ, ಮೊಳೆ, ಇದ್ದಿಲಿನ ಚೂಪು ತುಂಡು ಎಲ್ಲ ಮೇಲೆ ಉಳಿಯತ್ತೆ.

ಬೂದಿಗೆ ನೀರು ಬಿದ್ರೆ ಅದು ಕ್ಷಾರ, ಚರ್ಮ ಸುಡತ್ತೆ. ಒದ್ದೆ ಕೋಳಿಗೆ ಬೂದಿ ಹಾಕಬಾರದು, ಒದ್ದೆ ಬೂದಿಯಲ್ಲಿ ಕೋಳಿ ಬಿಡಬಾರದು, ಪಾದ ಸುಟ್ಟು ಒಡೆಯತ್ತೆ.

ಗಂಧಕ, ಬೇವು, ಮಿಕ್ಕಿದ್ದು

ಗಂಧಕದ ಪುಡಿ ಬಗ್ಗೆ ಕಮ್ಮಿ ಜನ ಮಾತಾಡ್ತಾರೆ, ಆದ್ರೆ ಮೈಮೇಲಿನ ನುಸಿಗೆ ಇವೆಲ್ಲದರಲ್ಲಿ ಜೋರಾದ್ದು ಅದೇ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿವರ್‌ಸೈಡ್ ಕ್ಯಾಂಪಸ್ಸಿನವರು 2012ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ, ಮರಳಿಗೆ ಡಿಇ, ಕೇಯೊಲಿನ್ ಜೇಡಿ, ಗಂಧಕ ಬೇರೆಬೇರೆಯಾಗಿ ಬೆರೆಸಿ ಹೊರಳಾಡೋ ಪೆಟ್ಟಿಗೆ ಇಟ್ಟು ನೋಡಿದ್ರು. ಡಿಇ, ಕೇಯೊಲಿನ್ ಪೆಟ್ಟಿಗೆಯಲ್ಲಿ ಹೊರಳಾಡಿದ ಕೋಳಿಗಳಲ್ಲಿ ಒಂದು ವಾರಕ್ಕೆ ಹೇನು ನುಸಿ 80ರಿಂದ 100 ಪರ್ಸೆಂಟ್ ಇಳೀತು, ಆದ್ರೆ ಪೆಟ್ಟಿಗೆಗೆ ಇಳಿಯದೇ ಇದ್ದ ಕೋಳಿಗಳಲ್ಲಿ ಇಳೀಲಿಲ್ಲ. ಗಂಧಕದಲ್ಲಿ ಮಾತ್ರ ಹೊರಳಾಡಿದವು, ಆಡದೇ ಇದ್ದವು ಎರಡರಲ್ಲೂ ಕೆಲವೇ ವಾರದಲ್ಲಿ ಹೆಚ್ಚುಕಮ್ಮಿ ಹೋಗೇಬಿಡ್ತು. ಇದರಿಂದ ನಾನು ಕಲಿತಿದ್ದು ಏನಂದ್ರೆ, ಹೊರಳಾಡೋ ಜಾಗ ಮಾಡಿಟ್ಟೆ, ಕೆಲಸ ಮುಗೀತು ಅಂತ ಕೂರಬಾರದು, ಯಾವ ಕೋಳಿ ಹೊರಳಾಡ್ತಿಲ್ಲ ಅಂತ ಗಮನಿಸಿ ಅದಕ್ಕೆ ಕೈಯಲ್ಲೇ ಪುಡಿ ಹಾಕ್ಬೇಕು. ಕಾವಿಗೆ ಕೂತದ್ದು, ಕುಂಟೋದು, ಬೇರೆ ಕೋಳಿಗಳು ಅಟ್ಟಿಸ್ಕೊಂಡು ಹೋಗೋ ಪುಕ್ಕಲು ಕೋಳಿ, ಇವೇ ಸಾಮಾನ್ಯವಾಗಿ ಹೊರಗುಳಿಯೋದು.

ಗಂಧಕಕ್ಕೆ ಎಚ್ಚರ ಜಾಸ್ತಿ ಬೇಕು. ಕಣ್ಣು ಉರಿಯತ್ತೆ, ಚರ್ಮ ಕೆಂಪಾಗತ್ತೆ, ಅದರ ಧೂಳಿಗೆ ಕಿಡಿ ತಾಗಿದ್ರೆ ಹತ್ತಿ ಉರಿಯತ್ತೆ. ಬೀಡಿ, ದೀಪ, ಮರಿಗೆ ಕಾವು ಕೊಡೋ ಬಲ್ಬು ಯಾವುದೂ ಹತ್ರ ಇರಬಾರದು. ಕೋಳಿಗೆ ಬಳಸಬಹುದು ಅಂತ ಲೇಬಲ್ ಮೇಲೆ ಇರೋದನ್ನೇ ತಗೊಳಿ, ಅದರಲ್ಲಿ ಬರೆದ ಅಳತೆ ಮೀರಬೇಡಿ.

ಬೇವಿನ ಎಲೆ ನೆರಳಲ್ಲಿ ಒಣಗಿಸಿ ಪುಡಿ ಮಾಡಿದ್ದು ಒಳ್ಳೆ ಜೊತೆಗಾರ. ಬೇವಿನಲ್ಲಿರೋ ಅಜಾಡಿರಾಕ್ಟಿನ್ ಹುಳ ಪೊರೆ ಬಿಟ್ಟು ಬೆಳೆಯೋದನ್ನ ತಡೆಯತ್ತೆ, ಆದ್ರೆ ಅದು ಎಲೆಗಿಂತ ಬೀಜದಲ್ಲಿ ತುಂಬ ಜಾಸ್ತಿ, ಹಾಗಾಗಿ ಬರೀ ಎಲೆ ಪುಡಿಯಿಂದ ತುಂಬಿ ತುಳುಕೋ ಹೇನು ಇಳಿಯಲ್ಲ. ಮೊಟ್ಟೆ ಇಡೋ ಪೆಟ್ಟಿಗೆ ತಳಕ್ಕೆ, ಹೊರಳಾಡೋ ಮಣ್ಣಿಗೆ ಒಂದು ಹಿಡಿ ಬೆರೆಸೋಕೆ ಸರಿ.

ನೈಸರ್ಗಿಕ ಅನ್ನೋ ಹೆಸರಲ್ಲಿ ಹೊಗೆಸೊಪ್ಪಿನ ಪುಡಿ ಹಾಕೋರಿದ್ದಾರೆ, ಬೇಡ. ನಿಕೋಟಿನ್ ಕೋಳಿಗೂ ವಿಷ, ಹಾಕೋರ ಕೈ ಚರ್ಮದಿಂದ್ಲೂ ಒಳಗೆ ಹೋಗತ್ತೆ. ನುಸಿಗುಳಿಗೆ ಪುಡಿ ಮಾಡಿ ಗೂಡಲ್ಲಿ ಹಾಕೋದು ಅದಕ್ಕಿಂತ ಕೆಟ್ಟದ್ದು, ಅದು ನೈಸರ್ಗಿಕನೂ ಅಲ್ಲ. ಸುಟ್ಟ ಸುಣ್ಣ, ಅಂದ್ರೆ ನೀರು ಹಾಕಿದ್ರೆ ಕುದಿಯೋ ಸುಣ್ಣ, ಕೋಳಿ ಇರೋ ಕಡೆ ಬೇಡವೇ ಬೇಡ. ಸೇವಂತಿಗೆ ಜಾತಿಯ ಹೂವಿಂದ ಬರೋ ಪೈರೆಥ್ರಮ್ ಪುಡಿ ಹುಳಕ್ಕೆ ತಕ್ಷಣ ತಾಗತ್ತೆ ನಿಜ, ಆದ್ರೆ ಮೀನಿಗೆ ಅದು ವಿಷ, ಬೆಕ್ಕಿಗೂ ಆಗಿಬರಲ್ಲ, ಬೆಕ್ಕು ಗೂಡಿನ ಸುತ್ತ ಓಡಾಡೋ ಮನೆಯಲ್ಲಿ ಯೋಚನೆ ಮಾಡಿ ಬಳಸಿ.

ಕೋಳಿ ಮೈಗೆ ಹಾಕೋ ಕ್ರಮ

ಸಂಜೆ ಗೂಡಿಗೆ ಸೇರಿ ಶಾಂತವಾದ ಮೇಲೆ ಒಂದೊಂದೇ ಕೋಳಿ ಎತ್ಕೊಂಡು ಹೊರಗೆ ಬನ್ನಿ, ಅಟ್ಟಿಸ್ಕೊಂಡು ಹಿಡಿಯೋ ಕಷ್ಟ ಇರಲ್ಲ. ಇಬ್ಬರಿದ್ರೆ ಸುಲಭ, ಒಬ್ಬರು ಹಿಡ್ಕೊಳೋದು ಒಬ್ಬರು ಹಾಕೋದು. ಇಬ್ಬರೂ ಮಾಸ್ಕ್ ಹಾಕ್ಕೊಳಿ, ಕನ್ನಡಕ ಇದ್ರೆ ಒಳ್ಳೇದು, ಗಾಳಿ ನಿಮ್ಮ ಬೆನ್ನಿಂದ ಬೀಸೋ ಹಾಗೆ ನಿಲ್ಲಿ.

ಪುಡಿನ ಒಂದು ಹಳೇ ಕಾಲುಚೀಲದಲ್ಲಿ ತುಂಬಿ ಬಾಯಿ ಕಟ್ಟಿ. ಇದು ನಾನು ತುಂಬಾ ವಿಧಾನ ನೋಡಿ ಕೊನೆಗೆ ನಿಂತ ವಿಧಾನ, ತೂತಿನ ಡಬ್ಬ, ಜರಡಿ, ಕೈ ಎಲ್ಲದಕ್ಕಿಂತ ಇದರಲ್ಲಿ ಧೂಳು ಕಮ್ಮಿ ಏಳತ್ತೆ, ಪುಡಿ ಬೇಕಾದ ಜಾಗಕ್ಕೇ ಬೀಳತ್ತೆ. ಪುಕ್ಕನ ಹಿಮ್ಮುಖವಾಗಿ ಬಿಡಿಸಿ, ಚರ್ಮ ಕಂಡ ಮೇಲೆ ಕಾಲುಚೀಲನ ಅಲ್ಲಿಗೆ ಮೆಲ್ಲಗೆ ತಟ್ಟಿ, ಆಮೇಲೆ ಬೆರಳಲ್ಲಿ ಚರ್ಮದ ತನಕ ಸವರಿ. ಪುಕ್ಕದ ಮೇಲೆ ಉದುರಿಸಿದ್ದು ಲೆಕ್ಕಕ್ಕಿಲ್ಲ, ಕೋಳಿ ಒಂದು ಸಲ ಮೈ ಕೊಡವಿದ್ರೆ ಅಷ್ಟೂ ನೆಲಕ್ಕೆ. ಮೊದಲು ದ್ವಾರದ ಸುತ್ತ, ಆಮೇಲೆ ಎರಡೂ ರೆಕ್ಕೆ ಅಡಿ, ತೊಡೆ ಸಂದಿ, ಬಾಲದ ಬುಡ, ಕೊನೆಗೆ ಕತ್ತಿನ ಬುಡ. ದ್ವಾರದ ಸುತ್ತ ಅಂದ್ರೆ ಪುಕ್ಕದಲ್ಲಿ, ದ್ವಾರದ ಒದ್ದೆ ಭಾಗಕ್ಕೆ ಹಾಕಬೇಡಿ. ಒಂದು ದೊಡ್ಡ ಕೋಳಿಗೆ ಎರಡು ಟೇಬಲ್ ಚಮಚದಷ್ಟು ಸಾಕು.

ತಲೆಗೆ ಪುಡಿ ಬೇಡ. ಕತ್ತಿನ ಹತ್ರ ಹಾಕೋವಾಗ ಕೋಳಿ ಮುಖಕ್ಕೆ ಸಡಿಲವಾಗಿ ಬಟ್ಟೆ ಮುಚ್ಚಿ, ಸುಮ್ಮನೂ ಇರತ್ತೆ, ಉಸಿರಿಗೂ ಹೋಗಲ್ಲ. ತಲೇಲಿ ಹೇನಿದ್ರೆ ಒಂದೆರಡು ಹನಿ ಅಡುಗೆ ಎಣ್ಣೆ ಬೆರಳಿಗೆ ತಗೊಂಡು ನೆತ್ತಿ ಪುಕ್ಕಕ್ಕೆ ಸವರಿದ್ರೆ ಆಯ್ತು, ಮರಿಗಳಿಗೂ ಇಷ್ಟೇ, ಮರಿಗೆ ಪುಡಿ ಹಾಕಲೇಬಾರದು.

ಪುಕ್ಕದ ಬುಡದಲ್ಲಿ ಸೀರು ಗಂಟು ಕಟ್ಟಿದ್ರೆ ಪುಡಿಗೆ ಅದು ಬಗ್ಗಲ್ಲ. ಕೀಳೋಕೆ ಹೋಗಬೇಡಿ, ಪುಕ್ಕ ಕಿತ್ರೆ ಕೋಳಿಗೆ ತುಂಬಾ ನೋವು. ಮೊಂಡು ತುದಿಯ ಕತ್ತರೀಲಿ ಆ ಪುಕ್ಕನ ಗಂಟಿನ ಸಮೇತ ಕತ್ತರಿಸಿ ಸುಟ್ಟುಬಿಡಿ. ಬುಡದ ಕಡ್ಡಿ ನೀಲಿಗಪ್ಪಾಗಿ ಕಂಡ್ರೆ ಅದು ಬೆಳೀತಿರೋ ಪುಕ್ಕ, ಒಳಗೆ ರಕ್ತ ಇರತ್ತೆ, ಅದನ್ನ ಮುಟ್ಟಬೇಡಿ.

ಎಲ್ಲ ಕೋಳಿಗೂ ಒಂದೇ ದಿನ ಹಾಕಿ. ಹುಂಜನ ಮರೆಯೋರು ಜಾಸ್ತಿ, ಅದು ಎಲ್ಲ ಹೇಂಟೆ ಹತ್ರನೂ ಹೋಗತ್ತಲ್ಲ, ಒಂದು ಹುಂಜ ಬಿಟ್ರೆ ಮತ್ತೆ ಇಡೀ ಹಿಂಡಿಗೆ ಹರಡತ್ತೆ.

ಗೂಡಿಗೆ ಹಾಕೋದು

ಕೆಂಪು ನುಸಿ ಆದ್ರೆ ಕೆಲಸ ಇಲ್ಲೇ. ಬೆಳಿಗ್ಗೆ ಕೋಳಿ ಹೊರಗೆ ಬಿಟ್ಟ ಮೇಲೆ ಗೂಡಿನ ಹಾಸಿಗೆ ಪೂರ್ತಿ ತೆಗೆದು ಸುಡಿ ಅಥವಾ ದೂರ ಹಾಕಿ. ಕೂರೋ ಕೋಲು, ಮೊಟ್ಟೆ ಪೆಟ್ಟಿಗೆ ಬಿಚ್ಚೋಕೆ ಬಂದ್ರೆ ಬಿಚ್ಚಿ. ಒಣ ಪೊರಕೆಯಲ್ಲಿ ಸಂದಿಯಿಂದ ಹಿಕ್ಕೆ, ಧೂಳು ಎಲ್ಲ ಕೆರೆದು ತೆಗೆದು, ಸಂದಿಗಳಿಗೆ ಕುದಿಯೋ ನೀರು ಹೊಯ್ಯಿರಿ. ಬಿಸಿಗೆ ನುಸಿನೂ ಸಾಯತ್ತೆ, ಮೊಟ್ಟೆನೂ ಸಾಯತ್ತೆ, ಪುಡಿ ಮಾಡದ ಕೆಲಸ ಇದು ಮಾಡತ್ತೆ. ಆಮೇಲೆ ಬಿಸಿಲಿಗೆ ಪೂರ್ತಿ ಒಣಗಲಿ, ಅವಸರ ಮಾಡಬೇಡಿ, ತೇವ ಇದ್ದ ಮರದ ಮೇಲೆ ಡಿಇ ಹಾಕಿದ್ರೆ ಗಟ್ಟಿ ಕಟ್ಕೊಂಡು ಸುಮ್ನೆ ಕೂರತ್ತೆ.

ಒಣಗಿದ ಮೇಲೆ ಒಣ ಬಣ್ಣದ ಬ್ರಷ್ಷಿನಲ್ಲಿ ಡಿಇ ತಗೊಂಡು ಸಂದಿ ಒಳಗೆ ತುರುಕಿ, ಕೋಲಿನ ಎರಡೂ ತುದಿ, ಕೋಲಿನ ಅಡಿಭಾಗ, ಪೆಟ್ಟಿಗೆಯ ಮೂಲೆ, ಬಾಗಿಲ ಕೀಲು. ತೆಳ್ಳಗೆ ಹಾಕಿ. ಹುಳ ದಪ್ಪ ಗುಡ್ಡೆ ಕಂಡ್ರೆ ಬಳಸಿ ಹೋಗತ್ತೆ, ತೆಳು ಪದರ ಆದ್ರೆ ಅದರ ಮೇಲೇ ನಡೆಯತ್ತೆ. ಧೂಳು ಅಡಗೋಕೆ ಒಂದು ಗಂಟೆ ಬಿಟ್ಟು ಆಮೇಲೆ ಹೊಸ ಹಾಸಿಗೆ ಹಾಕಿ, ಸಂಜೆ ಹೊತ್ತಿಗೆ ಕೋಳಿ ಬರಲಿ. ಕೆಲಸ ಮುಗಿದ ಮೇಲೆ ನಿಮ್ಮ ಬಟ್ಟೆನೂ ಬಿಸಿನೀರಿಗೆ ಹಾಕಿ, ಈ ನುಸಿ ಮನುಷ್ಯರಿಗೂ ಕಚ್ಚತ್ತೆ, ಕೈಯೆಲ್ಲ ಕೆಂಪು ಗುಳ್ಳೆ ಎದ್ದು ರಾತ್ರಿ ಪೂರ್ತಿ ತುರಿಸತ್ತೆ.

ಮೊದಲು ಹೇಳಿದ ಆ ಕಾವಿನ ಹೇಂಟೆನ ಅವತ್ತು ರಾತ್ರಿನೇ ಮೊಟ್ಟೆ ಸಮೇತ ಹೊಸ ರಟ್ಟಿನ ಪೆಟ್ಟಿಗೆಗೆ ಎತ್ತಿ ಬೇರೆ ಕೋಣೇಲಿ ಇಟ್ಟೆ. ಸ್ವಲ್ಪ ಹೊತ್ತು ಕತ್ತು ಚಾಚಿ ಅತ್ತಿತ್ತ ನೋಡ್ತು, ಆಮೇಲೆ ಕೊಕ್ಕಿಂದ ಮೊಟ್ಟೆಗಳನ್ನ ಒಂದೊಂದೇ ಹೊಟ್ಟೆ ಅಡಿಗೆ ಎಳ್ಕೊಂಡು ಕೂತ್ಕೊಳ್ತು. ಬೆಳಗಿನ ತನಕ ಏಳಲಿಲ್ಲ. ಕಾವಿಗೆ ಕೂರಿಸೋರಿಗೆ ಒಂದು ಮಾತು, ಕೂರಿಸೋಕೆ ವಾರ ಹತ್ತು ದಿನ ಮೊದಲೇ ಹೇಂಟೆ ಮೈ ನೋಡಿ ಪುಡಿ ಹಾಕಿ ಮುಗಿಸಿ, ಮರಿ ಬಂದ ಮೇಲೆ ತಾಯಿಗೂ ಹಾಕೋ ಹಾಗಿಲ್ಲ, ತಾಯಿ ಮೈಯಿಂದ ಹೇನು ಮರಿ ತಲೆಗೆ ಹತ್ತೋದು ನೋಡ್ಕೊಂಡು ಕೂರ್ಬೇಕಾಗತ್ತೆ.

ಹೊರಳಾಡೋ ಗುಂಡಿ

ಆರೋಗ್ಯವಾಗಿರೋ ಕೋಳಿ ಸಾಮಾನ್ಯವಾಗಿ ಎರಡು ದಿನಕ್ಕೊಮ್ಮೆ, ಬಿಸಿಲೇರಿದ ಹೊತ್ತಲ್ಲಿ, ಅರ್ಧ ಗಂಟೆ ಹತ್ರ ಮಣ್ಣಲ್ಲಿ ಹೊರಳಾಡತ್ತೆ. ಮಣ್ಣನ್ನ ಪುಕ್ಕದ ಒಳಗೆ ತುಂಬ್ಕೊಂಡು, ಪಕ್ಕಕ್ಕೆ ಮಲಗಿ ತಲೆ ಉಜ್ಜಿ, ಕೊನೆಗೆ ಎದ್ದು ನಿಂತು ಒಂದೇ ಸಲ ಮೈ ಕೊಡವತ್ತೆ. ಅದರ ಸ್ನಾನ ಅದು. ನಾವು ಕೊಡಬೇಕಾಗಿರೋದು ಒಣ ಜಾಗ ಅಷ್ಟೇ.

ನಾಲ್ಕೈದು ಕೋಳಿಗೆ ಎರಡಡಿ ಅಗಲ ಎರಡಡಿ ಉದ್ದ, ಒಂದು ಗೇಣು ಆಳದ ಗುಂಡಿ ಅಥವಾ ಹಳೇ ಟೈರು, ಟಬ್ಬು. ಮೇಲೆ ಮಾಡು ಇರಲೇಬೇಕು, ಪಕ್ಕದಿಂದ ಬಿಸಿಲು ಬೀಳ್ಬೇಕು. ಜರಡಿ ಹಿಡಿದ ಒಣ ಮಣ್ಣು ನಾಲ್ಕು ಪಾಲು, ಮರಳು ಎರಡು ಪಾಲು, ಬೂದಿ ಒಂದೂವರೆ ಪಾಲು, ಬೇಕಿದ್ರೆ ಒಂದು ಹಿಡಿ ಬೇವಿನ ಪುಡಿ. ಹುಳ ಇದ್ದ ದಿನಗಳಲ್ಲಿ ಮಾತ್ರ ಇದಕ್ಕೆ ಅರ್ಧ ಪಾಲು ಡಿಇ ಸೇರಿಸಿ ಚೆನ್ನಾಗಿ ಬೆರೆಸಿ. ವರ್ಷವಿಡೀ ಡಿಇ ಹಾಕಿಡೋದಕ್ಕೆ ನಾನು ಒಪ್ಪಲ್ಲ, ಹೊರಳಾಡೋವಾಗ ಏಳೋ ಧೂಳೆಲ್ಲ ಕೋಳಿ ಮೂಗಿಗೇ ಹೋಗೋದು, ಹುಳ ಇಲ್ಲದಾಗ ಮಣ್ಣು ಮರಳೇ ಸಾಕು. ವಾರಕ್ಕೊಂದು ಸಲ ಹಿಕ್ಕೆ ಆರಿಸಿ ತೆಗೀರಿ, ಒದ್ದೆ ಆದ್ರೆ ಎಲ್ಲ ತೆಗೆದು ಹೊಸದು ಹಾಕಿ.

ಎಷ್ಟು ಸಲ

ಯಾವ ಪುಡಿನೂ ಮೊಟ್ಟೆ ಕೊಲ್ಲಲ್ಲ ಅಂತ ಹೇಳಿದ್ನಲ್ಲ, ಹಾಗಾಗಿ ಇದು ಒಂದು ದಿನದ ಕೆಲಸ ಅಲ್ಲ. ಹೇನಿನ ಸೀರು ನಾಲ್ಕರಿಂದ ಏಳು ದಿನಕ್ಕೆ ಒಡೆಯತ್ತೆ, ಆ ಮರಿ ಹೇನು ದೊಡ್ಡದಾಗಿ ಮತ್ತೆ ಸೀರು ಇಡೋಕೆ ಒಟ್ಟು ಮೂರು ವಾರ. ಏಳನೇ ದಿನ ಒಂದು ಸಲ, ಹದಿನಾಲ್ಕನೇ ದಿನ ಒಂದು ಸಲ ಮತ್ತೆ ಹಾಕಿದ್ರೆ ಹೊಸದಾಗಿ ಬಂದವು ದೊಡ್ಡದಾಗೋಕೆ ಮುಂಚೆ ಸಿಗ್ತವೆ. ನುಸಿ ಅದಕ್ಕಿಂತ ಬೇಗ ಬೆಳೆಯೋದ್ರಿಂದ ಐದಾರು ದಿನಕ್ಕೊಮ್ಮೆ, ಒಟ್ಟು ನಾಲ್ಕು ಸಲ. ಗೂಡಿಗೂ ಅಷ್ಟೇ. ಎರಡನೇ ಸಲಕ್ಕೇ ಕೋಳಿ ಚುರುಕಾಗಿ ಕಾಣತ್ತೆ, ಎಲ್ಲರೂ ಬಿಟ್ಟುಬಿಡೋದು ಅಲ್ಲೇ, ತಿಂಗಳಾದ ಮೇಲೆ ಪುಡಿ ಕೆಲಸ ಮಾಡಲಿಲ್ಲ ಅನ್ನೋದೂ ಅವರೇ. ಕ್ಯಾಲೆಂಡರ್ ಮೇಲೆ ಗುರುತು ಹಾಕಿಟ್ಕೊಳಿ.

ಪುಡಿ ಆಗದ ಕಡೆ

ಕಾಲಿನ ಹುರುಪೆ ನುಸಿಗೆ ಉಗುರುಬೆಚ್ಚಗಿನ ಸೋಪ್ ನೀರಲ್ಲಿ ಕಾಲು ಹತ್ತು ನಿಮಿಷ ನೆನೆಸಿ, ಮೆತ್ತಗಿನ ಹಳೇ ಟೂತ್ ಬ್ರಷ್ಷಿನಲ್ಲಿ ಹುರುಪೆ ಇಳಿಯೋ ದಿಕ್ಕಿಗೇ ಉಜ್ಜಿ, ಒರೆಸಿ ಒಣಗಿಸಿ, ಪೆಟ್ರೋಲಿಯಂ ಜೆಲ್ಲಿನೋ ಅಡುಗೆ ಎಣ್ಣೆನೋ ದಪ್ಪಗೆ ಹಚ್ಚಿ. ಗಾಳಿ ಇಲ್ದೇ ನುಸಿ ಸಾಯತ್ತೆ. ಎರಡು ಮೂರು ದಿನಕ್ಕೊಮ್ಮೆ ಹಚ್ಚುತ್ತಾ ಹೋಗ್ಬೇಕು, ಹೊಸ ಹುರುಪೆ ಬರೋಕೆ ತಿಂಗಳುಗಳೇ ಬೇಕು. ಎದ್ದ ಹುರುಪೆ ಕೀಳಬೇಡಿ, ಸೀಮೆಎಣ್ಣೆ ಡೀಸೆಲ್ ಹಚ್ಚಬೇಡಿ, ಚರ್ಮ ಸುಟ್ಟುಹೋಗತ್ತೆ.

ಹೊಟ್ಟೆ ಜಂತುಹುಳಕ್ಕೆ ಮೇವಿಗೆ ಡಿಇ ಬೆರೆಸಿ ಅನ್ನೋದು ತುಂಬಾ ಹರಡಿದೆ. ನಾನು ನಂಬಲ್ಲ. ಒಣಗಿಸಿ ಕೊಲ್ಲೋ ಪುಡಿ ಒದ್ದೆ ಕರುಳಲ್ಲಿ ಏನು ಒಣಗಿಸತ್ತೆ? ಜಂತುಹುಳ ಇದೆ ಅಂತ ಅನುಮಾನ ಇದ್ರೆ ಹಿಕ್ಕೆ ಪರೀಕ್ಷೆ ಮಾಡಿಸಿ, ಡಾಕ್ಟರ್ ಹೇಳಿದ ಔಷಧ ಕೊಡಿ, ಹಾಸಿಗೆ ಒಣಗಿಸಿಡಿ, ಓಡಾಡೋ ಜಾಗ ಆಗಾಗ ಬದಲಾಯಿಸಿ.

ಕೋಳಿ ಉಣ್ಣಿಗೂ ಪುಡಿ ಸಾಲಲ್ಲ. ಅದು ಗೋಡೆ ಬಿರುಕಲ್ಲಿ ವರ್ಷಗಟ್ಟಲೆ ಉಪವಾಸ ಇದ್ದು ಬದುಕೋ ಪ್ರಾಣಿ, ಜ್ವರ ಕೂಡ ಹರಡತ್ತೆ. ಬಿರುಕು ಮುಚ್ಚಿಸಿ, ಪಶುವೈದ್ಯರ ಹತ್ರ ಮಾತಾಡಿ.

ಜುಟ್ಟು ಪೂರ್ತಿ ಬಿಳಿಚಿಕೊಂಡು, ಕೋಳಿ ರೆಕ್ಕೆ ಇಳಿಬಿಟ್ಟು ಮೂಲೇಲಿ ತೂಕಡಿಸ್ತಾ, ಮೇವಿಗೂ ಬರ್ತಿಲ್ಲ ಅಂದ್ರೆ ರಕ್ತ ತುಂಬಾ ಹೋಗಿದೆ ಅಂತ ಅರ್ಥ. ಆಗ ಒಣಗಿಸಿ ಕೊಲ್ಲೋ ಪುಡಿಗೆ ಕಾಯೋಷ್ಟು ಸಮಯ ಇಲ್ಲ. ಅವತ್ತೇ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ, ಬೇಗ ಕೆಲಸ ಮಾಡೋ ಔಷಧ ಕೇಳಿ, ಎಷ್ಟು ದಿನ ಮೊಟ್ಟೆ ತಿನ್ನಬಾರದು ಅಂತಾನೂ ಕೇಳ್ಕೊಂಡು ಬನ್ನಿ. ಮನೇಲಿ ಉಳಿದವರು ಅಷ್ಟರಲ್ಲಿ ಗೂಡಿನ ಕೋಲು ಬಿಚ್ಚಿ ನೀರು ಕಾಯೋಕೆ ಇಡಲಿ.